ಹೆಜ್ಜೆ ಯಾರದು?

"ತೋಳ ಬಂತು ತೋಳ" ಕಥೆ ಶಾಲೆಯಲ್ಲಿ ಓದದವರು ನಮ್ಮಲ್ಲಿ ಯಾರಿದ್ದಾರೆ? ಸುಳ್ಳು ಹೇಳುವ ಹುಡುಗನಿಗೆ ಬುದ್ಧಿ ಕಲಿಸಲಿಕ್ಕೆ ಇರುವ ಕಥೆ ಅದು. ಹಾಗಾಗಿ ಕೊನೆಗೆ ಕುರಿ ತಿಂದದ್ದು ನಿಜವಾಗಿ ತೋಳವೇ ಹೌದಾ ಅಂತ ಯಾರೂ ಕೇಳುವುದಿಲ್ಲ. ಆದರೆ ನಮ್ಮ ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಕುರಿ ಸತ್ತ ಬೆಳಿಗ್ಗೆ ಮೊದಲು ಏಳುವ ಪ್ರಶ್ನೆಯೇ ಅದು. ತೋಳವಾ, ಕತ್ತೆಕಿರುಬವಾ, ಚಿರತೆಯಾ, ಇಲ್ಲಾ ಊರ ನಾಯಿಗಳ ಹಿಂಡಾ? ಕಾಡುಪ್ರಾಣಿ ಅಂದರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ನಾಯಿ ಅಂದರೆ ಆ ಬಾಗಿಲು ಮುಚ್ಚಿತು. ಚಿರತೆ ಅಂದರೆ ಬೋನು ಬರುತ್ತದೆ, ಟಿವಿಯವರೂ ಬರುತ್ತಾರೆ. ತೋಳ ಅಂದರೆ ಯಾರೂ ಬರುವುದಿಲ್ಲ.

ಸ್ಟ್ರಿಂಗರ್ ಆದ ಮೇಲೆ ನಾನು ಗಮನಿಸಿದ್ದು ಏನೆಂದರೆ, ಡಿಸೆಂಬರ್ ಬಂತು ಅಂದರೆ ಇಂಥ ವಿಡಿಯೊಗಳು ಫೋನಿಗೆ ಬರಲು ಶುರುವಾಗುತ್ತವೆ. ತೊಗರಿ ಹೊಲದ ಬದುವಿನ ಮೇಲೆ ಮಸುಕಾಗಿ ಏನೋ ಓಡುತ್ತದೆ, ಕೆಳಗೆ "ಚಿರತೆ ಪ್ರತ್ಯಕ್ಷ" ಎಂಬ ಬರಹ. ಹತ್ತರಲ್ಲಿ ಒಂಬತ್ತಕ್ಕೆ ಬಾಲ ನೋಡಿದರೆ ಸಾಕು, ಅದು ಚಿರತೆಯಲ್ಲ ಅಂತ ಗೊತ್ತಾಗುತ್ತದೆ. ಆದರೆ ಹಾಗಾದರೆ ಯಾವುದು ಅಂತ ಹೇಳುವವರು ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಈ ಬರಹ ಆ ಒಂದು ಪ್ರಶ್ನೆಯ ಇತಿಹಾಸ. ಬೇಟೆಯಾಡುವ ಪ್ರಾಣಿಯನ್ನು ನಮ್ಮ ದೇಶ, ನಮ್ಮ ನಾಡು ಹೇಗೆ ಗುರುತಿಸಿತು, ಹೇಗೆ ಎಣಿಸಿತು, ಕಾಲೇಜು ಹುಡುಗರು ಚಳಿಗಾಲದ ಬೆಳಗಿನಲ್ಲಿ ನೋಟ್‌ಬುಕ್ ಹಿಡಿದು ಅದರ ಹೆಜ್ಜೆ ಹಿಂದೆ ಹೋಗುವಂತೆ ಆಗಲು ಏನೇನು ಆಗಬೇಕಾಯಿತು ಎಂಬ ಕಥೆ.

ಮೊದಲು ಎಣಿಸಿದ್ದು ಸತ್ತ ಪ್ರಾಣಿಗಳನ್ನು.

1870ರ ದಶಕದಿಂದ ಬ್ರಿಟಿಷ್ ಸರ್ಕಾರ ವರ್ಷಕ್ಕೊಮ್ಮೆ ಪ್ರಾಂತ್ಯವಾರು ಪಟ್ಟಿ ಮಾಡಿಸತೊಡಗಿತು. ಕಾಡುಪ್ರಾಣಿ ಮತ್ತು ಹಾವುಗಳಿಂದ ಸತ್ತ ಜನ ಎಷ್ಟು, ದನ ಎಷ್ಟು, ಕೊಂದ ಪ್ರಾಣಿ ಎಷ್ಟು, ಅದಕ್ಕೆ ಕೊಟ್ಟ ಇನಾಮು ಎಷ್ಟು. ಹುಲಿಗೆ ಒಂದು ದರ, ಚಿರತೆಗೆ ಒಂದು, ತೋಳಕ್ಕೆ ಒಂದು. ಇತಿಹಾಸಕಾರ ಮಹೇಶ್ ರಂಗರಾಜನ್ ಈ ಲೆಕ್ಕಗಳನ್ನು ಕೂಡಿಸಿ ನೋಡಿದ್ದಾರೆ. 1875ರಿಂದ 1925ರವರೆಗಿನ 50 ವರ್ಷದಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳ. ಇದು ಇನಾಮು ಕೊಟ್ಟ ಲೆಕ್ಕ ಮಾತ್ರ. ರಾಜ ಮಹಾರಾಜರು, ಸಾಹೇಬರು ಮೋಜಿಗೆ ಹೊಡೆದದ್ದು, ರೈತ ಹೊಲದಲ್ಲೇ ಹೊಡೆದು ಹೂತದ್ದು ಇದರಲ್ಲಿ ಪೂರ್ತಿ ಬಂದಿರುವುದಿಲ್ಲ.

ಆ 2,00,000 ತೋಳ ಎಂಬ ಸಂಖ್ಯೆಯನ್ನು ನಾನು ಎರಡು ಸಲ ಓದಿದೆ. ಇವತ್ತು ಇಡೀ ದೇಶದಲ್ಲಿ ಉಳಿದಿರುವ ಬಯಲುನಾಡಿನ ತೋಳಗಳು ಸುಮಾರು 3,100 ಎಂದು ಯಾದವೇಂದ್ರದೇವ್ ಝಾಲಾ ಮತ್ತು ಸಂಗಡಿಗರು 2022ರಲ್ಲಿ ಅಂದಾಜು ಮಾಡಿದ್ದಾರೆ. ಇದು ಆ ವರ್ಷಗಳಲ್ಲಿ ಹುಲಿಗೆ ಕಟ್ಟಿದ ಸಂಖ್ಯೆಗಿಂತ ಹೆಚ್ಚೇನಲ್ಲ. ಹುಲಿಯ ಸುದ್ದಿ ದಿನಾ ಬರುತ್ತದೆ. ತೋಳದ್ದು ಯಾರಾದರೂ ಸತ್ತರೆ ಮಾತ್ರ.

ಇನಾಮಿನ ಕಾಲದಲ್ಲೂ ಕಚೇರಿಯ ಗುಮಾಸ್ತನ ಮುಂದೆ ಇದ್ದದ್ದು ನಮ್ಮದೇ ಪ್ರಶ್ನೆ. ಚರ್ಮ ಮೇಜಿನ ಮುಂದೆ ಬಂದಿದೆ, ಇದು ಯಾರದು? ತೋಳದ ಮರಿ ಅಂತ ನರಿಯ ಮರಿಯನ್ನು ತಂದು ಹಣ ಎತ್ತುತ್ತಾರೆ ಎನ್ನುವ ಅನುಮಾನ ಅಧಿಕಾರಿಗಳನ್ನು ಬಿಡಲಿಲ್ಲ. ಆದ್ದರಿಂದ ಆ ಪಟ್ಟಿಗಳು ತೋಳಗಳ ಲೆಕ್ಕ ಎನ್ನುವುದಕ್ಕಿಂತ ತೋಳ ಎಂದು ಒಪ್ಪಿಕೊಂಡು ಹಣ ಕೊಟ್ಟ ಸಲಗಳ ಲೆಕ್ಕ ಎನ್ನುವುದೇ ಸರಿ.

ವಿಜಯಪುರ, ಧಾರವಾಡ, ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಬ್ರಿಟಿಷರ ಈ ಕಾಗದಪತ್ರದ ರೂಢಿ ಅಲ್ಲಿಗೆ ನೇರವಾಗಿ ಬಂತು. ನಮ್ಮ ಕಲಬುರಗಿ ನಿಜಾಮರ ಕೈಯಲ್ಲಿತ್ತು. 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನ, ಆಮೇಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ. ಸಂಸ್ಥಾನದ ಆಡಳಿತದ ಭಾಷೆ ಉರ್ದು. ಕಾಗಿಣಾ ದಂಡೆಯ ಊರಿನ ಒಬ್ಬ ಕುರಿಗಾಹಿ ತೋಳದ ಬಗ್ಗೆ ಕನ್ನಡದಲ್ಲಿ ಹೇಳಿದ ಮಾತು ಉರ್ದು ದಫ್ತರಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷ್ ಗೆಜೆಟಿಯರಿಗೆ ಹೋಗುವಷ್ಟರಲ್ಲಿ ಅದರಲ್ಲಿ ಏನು ಉಳಿದೀತು? ಗೆಜೆಟಿಯರುಗಳಲ್ಲಿ ಕಾಡುಪ್ರಾಣಿಗಳಿಗೆ ಒಂದು ಸಣ್ಣ ಪ್ಯಾರಾ ಇರುವುದು ವಾಡಿಕೆ. ಇಂತಿಂಥ ಪ್ರಾಣಿ ಈ ಜಿಲ್ಲೆಯಲ್ಲಿವೆ ಎಂಬ ಪಟ್ಟಿ ಅದು, ಅಷ್ಟೇ.

ಬರವಣಿಗೆಯಲ್ಲಿ ಇಲ್ಲದ್ದು ಗಾದೆಯಲ್ಲಿದೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತೇವಲ್ಲ, ಅದು ಕಷ್ಟದಲ್ಲಿದ್ದವನನ್ನು ಎಲ್ಲರೂ ತುಳಿಯುತ್ತಾರೆ ಎಂಬ ಅರ್ಥಕ್ಕೆ ಬಳಕೆಯಾಗುತ್ತದೆ. ಆದರೆ ಅಕ್ಷರಶಃ ಓದಿ ನೋಡಿ. ಊರಿಗೆ ಊರೇ ಸೇರಿ ಗುಂಡಿಗೆ ಬಿದ್ದ ತೋಳಕ್ಕೆ ಕಲ್ಲು ಹೊಡೆದ ಚಿತ್ರ ಅದು. ಅಲ್ಲಿ ತೋಳವನ್ನು ಗುರುತಿಸುವುದು ಯಾರಿಗೂ ಕಷ್ಟವಾಗಿರಲಿಲ್ಲ.

ಇನಾಮಿನಿಂದ ಅಧ್ಯಯನದ ಕಡೆ ಹೊರಳಿದ್ದು ಬಹಳ ತಡವಾಗಿ. ಅಮೆರಿಕದ ಜಾರ್ಜ್ ಶಾಲರ್ 1960ರ ದಶಕದ ನಡುವೆ ಮಧ್ಯಪ್ರದೇಶದ ಕಾನ್ಹಾದಲ್ಲಿ ಕೂತು ಜಿಂಕೆ ಮತ್ತು ಹುಲಿಯನ್ನು ನೋಡಿ ಬರೆದ ಪುಸ್ತಕ 1967ರಲ್ಲಿ ಬಂತು. ಬಂದೂಕಿಲ್ಲದೆ ಹುಲಿಯ ಹಿಂದೆ ತಿಂಗಳುಗಟ್ಟಲೆ ಹೋಗುವುದೂ ಒಂದು ಕೆಲಸ ಎಂದು ಇಲ್ಲಿಯ ಬಹಳ ಜನರಿಗೆ ಗೊತ್ತಾದದ್ದು ಆಗಲೇ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಹುಲಿ ಯೋಜನೆ. ನಮ್ಮ ಬಂಡೀಪುರ ಮೊದಲ ಒಂಬತ್ತು ಹುಲಿ ಮೀಸಲುಗಳಲ್ಲಿ ಒಂದು.

ಆ ಬಂಡೀಪುರಕ್ಕೆ 1976ರಲ್ಲಿ ಒಬ್ಬ ಕಾಲೇಜು ಮೇಷ್ಟ್ರು ಬಂದರು. ಎ.ಜೆ.ಟಿ. ಜಾನ್‌ಸಿಂಗ್, ಶಿವಕಾಶಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದವರು. ಪಟಾಕಿ ಊರಿನ ಕಾಲೇಜಿನಿಂದ ಬಂದ ಅವರು ಆರಿಸಿಕೊಂಡದ್ದು ಹುಲಿಯನ್ನಲ್ಲ, ಸೀಳುನಾಯಿಯನ್ನು. ಕೆನ್ನಾಯಿ, ಕಾಡುನಾಯಿ ಅಂತಲೂ ಕರೆಯುವ ಅದನ್ನು ಬೇಟೆಗಾರರು ಕಂಡಲ್ಲಿ ಹೊಡೆಯುತ್ತಿದ್ದರು. ಅದರ ತಲೆಗೂ ಇನಾಮಿತ್ತು. ಹಿಡಿದ ಜಿಂಕೆಯ ಜೀವ ಹೋಗುವ ಮೊದಲೇ ತಿನ್ನಲು ಶುರುಮಾಡುತ್ತದೆ ಎಂಬ ಕಾರಣಕ್ಕೆ ಕಾಡನ್ನು ಪ್ರೀತಿಸುವವರಿಗೂ ಅದರ ಮೇಲೆ ಅಸಹ್ಯ. ಜಾನ್‌ಸಿಂಗ್ ಎರಡು ವರ್ಷ ಅವುಗಳ ಬೆನ್ನು ಬಿದ್ದರು. ಹಿಂಡು ಯಾವಾಗ ಏಳುತ್ತದೆ, ಯಾರು ಮೊದಲು ತಿನ್ನುತ್ತಾರೆ, ಮರಿಗಳಿಗೆ ಊಟ ಹೇಗೆ ಬರುತ್ತದೆ, ಬಿದ್ದ ಮಲದಲ್ಲಿ ಯಾವ ಪ್ರಾಣಿಯ ಕೂದಲಿದೆ, ಎಲ್ಲ ಬರೆದಿಟ್ಟರು. ಭಾರತೀಯ ವಿಜ್ಞಾನಿಯೊಬ್ಬರು ಕಾಡಿನಲ್ಲಿ ಸ್ವತಂತ್ರವಾಗಿ ಅಲೆಯುವ ಬೇಟೆಪ್ರಾಣಿಯೊಂದರ ಮೇಲೆ ಮಾಡಿದ ಮೊದಲ ಕ್ಷೇತ್ರ ಅಧ್ಯಯನ ಅದು ಎನ್ನುತ್ತಾರೆ. ಕರ್ನಾಟಕದ ಕಾಡಿನಲ್ಲಿ, ಒಬ್ಬ ಪಾಠ ಹೇಳುವ ಮೇಷ್ಟ್ರ ಕೈಯಿಂದ ಅದು ಆಯಿತು ಎನ್ನುವುದು ನನಗೆ ಮುಖ್ಯ. ದೊಡ್ಡ ಸಂಸ್ಥೆಯೊಂದು ಯೋಜನೆ ಹಾಕಿ ಶುರುಮಾಡಿದ್ದಲ್ಲ.

ಮುಂದೆ ಅವರು ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಸೇರಿದರು. 1988ರಲ್ಲಿ ಅಲ್ಲಿ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಶುರುವಾಯಿತು. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ನಡೆಯುವುದೇ ಅವರ ಪಾಠ. 2024ರಲ್ಲಿ ಅವರು ತೀರಿಕೊಂಡಾಗ ದೇಶದ ಅನೇಕ ವನ್ಯಜೀವಿ ಸಂಶೋಧಕರು ಬರೆದುಕೊಂಡದ್ದು ಅವರ ಜೊತೆಗಿನ ನಡಿಗೆಗಳ ಬಗ್ಗೆಯೇ.

ಇತ್ತ ಸರ್ಕಾರ ಹುಲಿ ಎಣಿಸಲು ಹಿಡಿದದ್ದು ಹೆಜ್ಜೆಯ ದಾರಿ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1966ರಲ್ಲಿ ರೂಪಿಸಿದ ವಿಧಾನ. ನೆಲದ ಮೇಲಿನ ಹೆಜ್ಜೆ ಗುರುತಿನ ಮೇಲೆ ಗಾಜು ಇಟ್ಟು ಗೆರೆ ಎಳೆದುಕೊಳ್ಳುವುದು, ಆಮೇಲೆ ಗೆರೆಗಳನ್ನು ಹೋಲಿಸಿ ಎಷ್ಟು ಹುಲಿ ಎಂದು ಹೇಳುವುದು. 1972ರ ಮೊದಲ ರಾಷ್ಟ್ರೀಯ ಗಣತಿಯಲ್ಲಿ 1,827 ಹುಲಿ ಎಂದು ಬಂತು. ಗಾರ್ಡ್, ವಾಚರ್ ಎಲ್ಲರೂ ಮಾಡಬಹುದಾದ, ಖರ್ಚಿಲ್ಲದ ಕೆಲಸ. ತೊಂದರೆ ಒಂದೇ. ಅದೇ ಹುಲಿ ಮರಳಿನಲ್ಲಿ ಇಟ್ಟ ಹೆಜ್ಜೆ ಒಂದು ತೆರ, ಕೆಸರಿನಲ್ಲಿ ಇಟ್ಟದ್ದು ಇನ್ನೊಂದು ತೆರ. ನಿಂತಾಗ ಒಂದು, ಓಡಿದಾಗ ಇನ್ನೊಂದು. ಗೆರೆ ಎಳೆದವನ ಕೈಯೂ ಬೇರೆ ಬೇರೆ.

ಇದನ್ನು 1980ರ ದಶಕದಲ್ಲೇ ಗಟ್ಟಿಯಾಗಿ ಹೇಳಿದವರು ಕೆ. ಉಲ್ಲಾಸ ಕಾರಂತ. ಓದಿದ್ದು ಎಂಜಿನಿಯರಿಂಗ್, ಮಾಡಿದ್ದು ಕೃಷಿ, ಆಮೇಲೆ ಫ್ಲಾರಿಡಾಕ್ಕೆ ಹೋಗಿ ವನ್ಯಜೀವಿ ಶಾಸ್ತ್ರ ಓದಿ ಬಂದವರು. ಶಿವರಾಮ ಕಾರಂತರ ಮಗ ಎಂದು ಹೇಳಿದರೆ ನಮ್ಮ ಓದುಗರಿಗೆ ಬೇಗ ತಿಳಿಯುತ್ತದೆ. ಸಾಕಿದ ಹುಲಿಗಳ ಹೆಜ್ಜೆ ಗೆರೆಗಳನ್ನು ಅನುಭವಿ ಅಧಿಕಾರಿಗಳ ಮುಂದಿಟ್ಟು, ಇವು ಎಷ್ಟು ಹುಲಿಗಳವು ಹೇಳಿ ಎಂದು ಅವರು ಕೇಳಿದರು. ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ, ನಿಜವಾದ ಸಂಖ್ಯೆಗೂ ತಾಳೆಯಾಗಲಿಲ್ಲ. ಆದರೂ ಗಾಜಿನ ಗಣತಿ ನಡೆದೇ ಇತ್ತು. 2001–02ರಲ್ಲಿ ದೇಶದಲ್ಲಿ 3,642 ಹುಲಿ ಎಂದು ಲೆಕ್ಕ ಕೊಟ್ಟರು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂಬುದು ಬಯಲಾಯಿತು, ಕಾಗದದ ಮೇಲೆ ಮಾತ್ರ ಅಲ್ಲಿ ಹುಲಿಗಳಿದ್ದವು. ಹೊಸ ವಿಧಾನದ ಎಣಿಕೆಯಲ್ಲಿ, 2008ರಲ್ಲಿ ಹೊರಬಂದ ಸಂಖ್ಯೆ 1,411. ಎರಡು ಲೆಕ್ಕದ ವಿಧಾನವೇ ಬೇರೆಯಾದ್ದರಿಂದ ಅಷ್ಟೂ ಹುಲಿ ಸತ್ತವು ಎಂದು ಕಳೆದು ಹೇಳಲಾಗುವುದಿಲ್ಲ. ಹೆಜ್ಜೆಯನ್ನು ಯಾರದೆಂದು ಓದಲು ಬಾರದಿದ್ದರೆ ಸರ್ಕಾರವೂ ದಶಕಗಟ್ಟಲೆ ಮೋಸ ಹೋಗಬಹುದು ಎಂದಂತೂ ಹೇಳಬಹುದು.

ನಾಗರಹೊಳೆಯಲ್ಲಿ 1986ರಿಂದ ಕಾರಂತರು ಮಾಡಿದ ಕೆಲಸದಲ್ಲಿ ನನಗೆ ಹಿಡಿಸಿದ್ದು ರೇಡಿಯೊ ಕಾಲರ್ ಅಲ್ಲ, ಕ್ಯಾಮೆರಾ ಟ್ರ್ಯಾಪೂ ಅಲ್ಲ. ಮಲ ಎತ್ತಿದ್ದು. ಹುಲಿ, ಚಿರತೆ, ಸೀಳುನಾಯಿ ಮೂರೂ ಒಂದೇ ಕಾಡಿನಲ್ಲಿ ಹೇಗೆ ಬದುಕುತ್ತವೆ ಎಂಬ ಪ್ರಶ್ನೆಗೆ ಅವರೂ ಮೆಲ್ವಿನ್ ಸನ್‌ಕ್ವಿಸ್ಟರೂ ಉತ್ತರ ಹುಡುಕಿದ್ದು ಬಿದ್ದ ಮಲ ಮತ್ತು ಕೊಂದ ಪ್ರಾಣಿಗಳ ಅವಶೇಷದಿಂದ. ಮಲವನ್ನು ನೀರಿನಲ್ಲಿ ತೊಳೆದು, ಒಣಗಿಸಿ, ಕೂದಲು ಬೇರ್ಪಡಿಸಿ, ಸೂಕ್ಷ್ಮದರ್ಶಕದ ಕೆಳಗೆ ನೋಡುವುದು. 1995ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ಇಷ್ಟು: ಹುಲಿ ಕಾಟಿ, ಕಡವೆಯಂಥ ದೊಡ್ಡವನ್ನು ಹುಡುಕುತ್ತದೆ, ಚಿರತೆ ಮತ್ತು ಸೀಳುನಾಯಿ ಜಿಂಕೆಯಂಥ ಮಧ್ಯಮ ಗಾತ್ರದವನ್ನು.

ಇನ್ನೊಂದು ಸಂಗತಿ, ಜಿಂಕೆ ಎಣಿಸುವುದು. ಹುಲಿ ನೋಡಬೇಕೆಂದು ಬಂದ ಹುಡುಗ ಹುಡುಗಿಯರನ್ನು ಬೆಳಿಗ್ಗೆ ಆರಕ್ಕೆ ಎಬ್ಬಿಸಿ, ನೇರ ಕಡಿದ ದಾರಿಯಲ್ಲಿ ಇಬ್ಬಿಬ್ಬರಾಗಿ ಸದ್ದಿಲ್ಲದೆ ನಡೆಸಿ, ಕಂಡ ಜಿಂಕೆ, ಕಡವೆ, ಹಂದಿಗಳ ದೂರ ಮತ್ತು ಕೋನ ಬರೆಸುವುದು. ಸಂಜೆ ಮತ್ತೆ ಅದೇ. ಈ ನಡಿಗೆಗಳಿಗೆ ಬಂದವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದರು, ಬ್ಯಾಂಕಿನವರು, ಎಂಜಿನಿಯರುಗಳು, ಕಾಫಿ ತೋಟದವರು ಇದ್ದರು. ವಾರವಿಡೀ ನಡೆದು ಒಂದೂ ಹುಲಿ ಕಾಣದೆ ಹೋದವರೂ ಇದ್ದಾರು. ಆದರೆ ಲೆಕ್ಕ ಅಲ್ಲೇ ಇದೆ. ಗೊರಸಿನ ಪ್ರಾಣಿ ಸುಮಾರು 500 ಇದ್ದರೆ ಒಂದು ಹುಲಿ ಬದುಕುತ್ತದೆ, ವರ್ಷಕ್ಕೆ ಅವುಗಳಲ್ಲಿ ಸುಮಾರು ಹತ್ತನೇ ಒಂದು ಪಾಲು ತಿನ್ನುತ್ತದೆ. ಬೇಟೆಪ್ರಾಣಿಯನ್ನು ಓದಬೇಕಾದರೆ ಮೊದಲು ಅದರ ತಟ್ಟೆ ನೋಡಬೇಕು.

ಇಂಥ ಕ್ಷೇತ್ರ ಶಿಬಿರಗಳು ಈಗ ಪದವಿಯ ಭಾಗವೇ ಆಗಿವೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ 2004ರಿಂದ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಇದೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ವಿಭಾಗವಿದೆ. ಎಲ್ಲಾ ಸರಿ. ಆದರೆ ಇವೆಲ್ಲ ಮರಗಳಿರುವ ಕಡೆಯ ಕಥೆ. ಬಂಡೀಪುರ, ನಾಗರಹೊಳೆ, ಭದ್ರಾ. ತೊಗರಿ, ಜೋಳ, ಶಹಾಬಾದ್ ಕಲ್ಲು, ವಾಡಿ ಸಿಮೆಂಟು ಇರುವ ನಮ್ಮ ಕಡೆಗೆ ಈ ಓದು ಬಂತೇ?

ಹತ್ತಿರಕ್ಕಂತೂ ಬಂತು. ವಾಡಿಯಲ್ಲಿ ರೈಲು ಹತ್ತಿ ಕಲಬುರಗಿ ದಾಟಿದರೆ ಮುಂದೆ ಸೊಲ್ಲಾಪುರ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ. ಅದೇ ಜಿಲ್ಲೆಯ ನಾನ್ನಜ್‌ನಲ್ಲಿ ಎರ್ಲಡ್ಡು ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಮಾಡಿದರು. ಮುಂಬೈಯ ಬಿಎನ್‌ಎಚ್‌ಎಸ್‌ನವರು 1980ರ ದಶಕದಲ್ಲಿ ಅಲ್ಲಿ ಹಕ್ಕಿ ಅಧ್ಯಯನಕ್ಕೆ ಕೂತರು. ಹಕ್ಕಿಗಾಗಿ ಉಳಿಸಿದ ಹುಲ್ಲಿನಲ್ಲಿ ತೋಳವೂ ಉಳಿಯಿತು, ಕೃಷ್ಣಮೃಗವೂ ಉಳಿಯಿತು. ಸತೀಶ್ ಕುಮಾರ್ ಮತ್ತು ಅಸದ್ ರಹಮಾನಿ 1990ರ ದಶಕದಲ್ಲಿ ಆ ತೋಳಗಳ ಬಗ್ಗೆ, ಅವು ಹಿಡಿದ ಕುರಿ ಮೇಕೆಗಳ ಬಗ್ಗೆ ಬರೆದರು. ಆಮೇಲೆ ಬಿಲಾಲ್ ಹಬೀಬ್ ತೋಳಗಳ ಮೇಲೆ, ಅಬಿ ವನಕ್ ಗುಳ್ಳೆನರಿ ಮತ್ತು ಊರ ನಾಯಿಗಳ ಮೇಲೆ ಅಲ್ಲೇ ಪಿಎಚ್‌.ಡಿ. ಕೆಲಸ ಮಾಡಿದರು. ಕಪ್ಪು ನೆಲ, ಕುರುಚಲು ಹುಲ್ಲು, ಕುರಿ ಹಿಂಡು, ಬಿಳಿಜೋಳ. ನಮ್ಮ ಚಿತ್ತಾಪುರವನ್ನೇ ಎತ್ತಿ ಅಲ್ಲಿಟ್ಟಂತೆ. ಅಹ್ಮದ್‌ನಗರ ಜಿಲ್ಲೆಯ ಅಕೋಲೆಯಲ್ಲಿ ವಿದ್ಯಾ ಅತ್ರೇಯ ಕಬ್ಬಿನ ಹೊಲಗಳ ನಡುವೆ ಕ್ಯಾಮೆರಾ ಇಟ್ಟು 2013ರಲ್ಲಿ ತೋರಿಸಿದ್ದು ಇನ್ನೂ ಬೆರಗಿನದು. ಒಂದು ಗೇಣು ಕಾಡಿಲ್ಲದ ಕಡೆ 100 ಚದರ ಕಿಲೋಮೀಟರಿಗೆ ಸುಮಾರು ಐದು ಚಿರತೆ, ಸುಮಾರು ಐದು ಕತ್ತೆಕಿರುಬ. ಆ ಚಿರತೆಗಳ ಮುಖ್ಯ ಊಟ ನಾಯಿ.

ಅಂದರೆ ಬೇಟೆಪ್ರಾಣಿ ಎಂದರೆ ಕಾಡು ಎಂಬ ಎಣಿಕೆ ಮಹಾರಾಷ್ಟ್ರದ ಹೊಲಗಳಲ್ಲಿ ಮುರಿದು ಬಿದ್ದು ವರ್ಷಗಳಾಗಿವೆ.

ನಮ್ಮ ರಾಜ್ಯದಲ್ಲಿ ತೋಳಕ್ಕಾಗಿ ಧಾಮ ಮಾಡುವ ಯೋಚನೆ ಹೊಸದಲ್ಲ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರವನ್ನು ಇತ್ತೀಚೆಗೆ ತೋಳ ಧಾಮ ಮಾಡಿದಾಗ ರಾಜ್ಯದ ಮೊದಲನೆಯದು ಎಂದು ಬರೆದೆವು, ಹೆಸರಿನ ಮಟ್ಟಿಗೆ ಅದು ನಿಜ. ಆದರೆ 1974ರಲ್ಲೇ ಮಂಡ್ಯದ ಮೇಲುಕೋಟೆಯ ಗುಡ್ಡಗಳಲ್ಲಿ ಸುಮಾರು 50 ಚದರ ಕಿಲೋಮೀಟರು ಧಾಮ ಆದದ್ದು ತೋಳವನ್ನು ಉಳಿಸಲೆಂದೇ. ಇವತ್ತು ಮೇಲುಕೋಟೆ ಎಂದರೆ ವೈರಮುಡಿ, ಪುಳಿಯೋಗರೆ. ತೋಳದ ಹೆಸರು ಯಾರ ಬಾಯಲ್ಲೂ ಇಲ್ಲ. ಬಂಕಾಪುರದಲ್ಲಿ 2025ರಲ್ಲಿ ಒಂದು ತೋಳ ಎಂಟು ಮರಿ ಹಾಕಿದ ಸುದ್ದಿ ಬಂದಾಗ ಖುಷಿಯಾಯಿತು. ಆದರೆ ಆ ಧಾಮ ಸುಮಾರು 332 ಹೆಕ್ಟೇರ್, ಅಂದರೆ ಮೂರು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ತೋಳದ ಹಿಂಡು ಅಲೆಯುವ ನೆಲ ನೂರು ಚದರ ಕಿಲೋಮೀಟರಿಗೂ ಮೀರಿದ್ದು. ಎಂಟು ಮರಿ ಬೆಳೆದು ನಡೆಯಲು ಕಲಿತ ದಿನವೇ ಧಾಮದ ಆಚೆ, ಯಾರದೋ ಹೊಲದಲ್ಲಿ, ಯಾರದೋ ಕುರಿಯ ಮುಂದೆ ಇರುತ್ತವೆ. ಅಲ್ಲಿಂದ ಆಚೆಗೆ ಅವುಗಳನ್ನು ಉಳಿಸುವುದು ಬೇಲಿಯಲ್ಲ, ಆ ಕುರಿಗಾಹಿಯ ಮನಸ್ಸು.

ನಮ್ಮದು ಚಿಂಚೋಳಿ. 2011ರಲ್ಲಿ ವನ್ಯಜೀವಿ ಧಾಮವಾಯಿತು, 134.88 ಚದರ ಕಿಲೋಮೀಟರು. ದಕ್ಷಿಣ ಭಾರತದ ಮೊದಲ ಒಣಭೂಮಿಯ ಧಾಮ ಎಂದು ಹೇಳಿಕೊಳ್ಳುತ್ತೇವೆ. ತೋಳ, ಕತ್ತೆಕಿರುಬ, ಗುಳ್ಳೆನರಿ, ಕೃಷ್ಣಮೃಗ, ಕೊಂಡಕುರಿ ಎಲ್ಲ ಅದರ ಪಟ್ಟಿಯಲ್ಲಿವೆ. ಒಳಗೆ ಚಂದ್ರಂಪಳ್ಳಿ ಕೆರೆ, ಸುತ್ತ ತಾಂಡಾಗಳು. ರಜೆ ದಿನ ಜನ ಎತ್ತಿಪೋತ ಜಲಪಾತ ನೋಡಲು ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಬಿ.ಎಸ್ಸಿ. ಹುಡುಗರ ಪ್ರವಾಸದ ಬಸ್ಸು ಮಾತ್ರ ಮೈಸೂರು ಮೃಗಾಲಯದ ಕಡೆಗೇ ತಿರುಗುತ್ತದೆ. ಮನೆ ಹಿಂದೆಯೇ ಇರುವ ತೋಳವನ್ನು ನೋಡಲು ಆರುನೂರು ಕಿಲೋಮೀಟರು ದೂರದ ಪಂಜರಕ್ಕೆ!

ಓದಲು ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದ ಉದಾಹರಣೆ ಹೇಳಲೇಬೇಕು. 1996ರ ಮಾರ್ಚ್‌ನಿಂದ ಅಕ್ಟೋಬರ್ ನಡುವೆ ಪ್ರತಾಪಗಢ, ಸುಲ್ತಾನ್‌ಪುರ, ಜೌನ್‌ಪುರ ಭಾಗದಲ್ಲಿ 76 ಮಕ್ಕಳ ಮೇಲೆ ದಾಳಿಯಾಯಿತು. ಬಹಳ ಮಕ್ಕಳು ಸತ್ತರು. ಇದನ್ನು ಮುಚ್ಚಿಟ್ಟು ತೋಳ ಸಾಧುಪ್ರಾಣಿ ಎಂದು ಬರೆಯುವುದು ನನ್ನಿಂದ ಆಗದು. ಆದರೆ ಹಳ್ಳಿಗಳಲ್ಲಿ ಎದ್ದ ಮಾತು ಬೇರೆಯೇ. ತೋಳದ ವೇಷದ ಮನುಷ್ಯ ಎಂದರು, ಮಾಟ ಎಂದರು, ಅಪರಿಚಿತರನ್ನು ಹಿಡಿದು ಹೊಡೆದರು, ಆ ಹೊಡೆತಕ್ಕೆ ಜೀವಗಳೂ ಹೋದವು. ಝಾಲಾ ಮತ್ತು ದಿನೇಶ್ ಶರ್ಮಾ ಅಲ್ಲಿಗೆ ಹೋಗಿ ಹೆಜ್ಜೆ, ಕೂದಲು, ದಾಳಿ ನಡೆದ ಜಾಗ ಮತ್ತು ದಿನ ಎಲ್ಲವನ್ನೂ ಕೂಡಿಸಿ ನೋಡಿದಾಗ ಇದು ತೋಳದ್ದೇ, ಅದೂ ಒಂದೇ ಹಿಂಡಿನ ಕೆಲಸ ಎಂಬ ತೀರ್ಮಾನಕ್ಕೆ ಬಂದರು. ಹೆಜ್ಜೆ ಓದುವವರು ಮೊದಲ ವಾರವೇ ಆ ತಾಲ್ಲೂಕಿನಲ್ಲಿ ಇದ್ದಿದ್ದರೆ ಎಷ್ಟು ಮಕ್ಕಳು, ಎಷ್ಟು ದಾರಿಹೋಕರು ಉಳಿಯುತ್ತಿದ್ದರೋ. 2024ರಲ್ಲಿ ಬಹರಾಯಿಚ್‌ನಲ್ಲಿ ಮತ್ತೆ ಮಕ್ಕಳು ಸತ್ತರು, ಆಗ ಡ್ರೋನ್ ಬಂದಿತ್ತು.

ಯಾವ ಪ್ರಾಣಿ ಎಂದು ಗೊತ್ತಿದ್ದೂ ಸಮಾಧಾನ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷ ತಿಂದು ಸತ್ತವು. ಹುಲಿ ಕೊಂದ ಹಸುವಿನ ಮೇಲೆಯೇ ವಿಷ ಹಾಕಲಾಗಿತ್ತು. ಒಂದು ಹಸು, ಐದು ಹುಲಿ.

ನಮ್ಮ ಕಡೆ ಕಲಿಯಬೇಕಾದ ಓದು ಕಷ್ಟದ್ದೇನಲ್ಲ, ಚಳಿಗಾಲ ಅದಕ್ಕೆ ಹೇಳಿ ಮಾಡಿಸಿದ ಕಾಲ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ, ಹೆಜ್ಜೆ ಎನ್ನುವುದು ಬರೀ ಗುಂಡಿ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಗಟ್ಟಿಯಾಗಿ ಗುರುತೇ ಏಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬಂಡಿದಾರಿಯ ಮೇಲೆ ಸಣ್ಣ ಧೂಳು ಕೂತಿರುತ್ತದೆ, ರಾತ್ರಿ ಇಬ್ಬನಿ ಬಿದ್ದು ಅದು ಹದವಾಗಿರುತ್ತದೆ, ಬೆಳಿಗ್ಗೆ ಏಳರ ಓರೆ ಬಿಸಿಲಿಗೆ ಉಗುರಿನ ಗುರುತೂ ಕಾಣುತ್ತದೆ. ತೋಳ ಮರಿ ಹಾಕುವುದೂ ಹೆಚ್ಚಾಗಿ ಈ ತಿಂಗಳುಗಳಲ್ಲೇ. ಮುಂಗಾರು ಬೆಳೆ ತೆಗೆದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದೂ ಈಗಲೇ. ಬೇಟೆಗಾರ, ಬೇಟೆ, ಕಾವಲುಗಾರ ಮೂವರೂ ಒಂದೇ ಹೊಲದಲ್ಲಿ.

ಮೊದಲ ಪಾಠ ಹೀಗೆ. ಉಗುರಿನ ಗುರುತಿಲ್ಲ, ಹಿಂದಿನ ದಿಂಡಿನ ಅಂಚಿನಲ್ಲಿ ಮೂರು ಉಬ್ಬು ಇವೆ ಎಂದರೆ ಬೆಕ್ಕಿನ ಜಾತಿ, ದೊಡ್ಡದಾದರೆ ಚಿರತೆ. ಉಗುರಿದೆ, ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದು ಎಂದರೆ ಕತ್ತೆಕಿರುಬ. ಅದರ ಮಲ ಒಣಗಿದರೆ ಸುಣ್ಣದಂತೆ ಬೆಳ್ಳಗೆ, ಮೂಳೆ ಅರೆದು ತಿನ್ನುವ ಪ್ರಾಣಿ ಅದು. ತೋಳ ಮತ್ತು ನಾಯಿಯೇ ಕಷ್ಟ. ಒಂದೇ ಹೆಜ್ಜೆ ನೋಡಿ ಹೇಳಲು ಹೋಗಬಾರದು, ಸಾಲು ನೋಡಬೇಕು. ತೋಳ ದಾರಿ ಗೊತ್ತಿದ್ದವನಂತೆ ಒಂದೇ ಗೆರೆಯಲ್ಲಿ ನಡೆದುಹೋಗುತ್ತದೆ, ನಾಯಿ ಅಲ್ಲಿ ಮೂಸಿ, ಇಲ್ಲಿ ತಿರುಗಿ, ಸೊಟ್ಟ ಹೋಗುತ್ತದೆ. ಕೊಂದ ರೀತಿಯನ್ನೂ ಓದಬೇಕು. ನಾಯಿ ಹಿಂಡು ನುಗ್ಗಿದರೆ ಹಲವು ಕುರಿಗಳ ಹಿಂಭಾಗ, ತೊಡೆ ಹರಿದಿರುತ್ತವೆ. ತೋಳ ಕುತ್ತಿಗೆ ಹಿಡಿದು ಒಂದನ್ನು ಎತ್ತಿಕೊಂಡು ಹೋಗುವುದೇ ಹೆಚ್ಚು. ಇದೂ ಯಾವಾಗಲೂ ನಡೆಯುವ ನಿಯಮವಲ್ಲ. ಪುಣೆ ಸಮೀಪ ತೋಳ ಮತ್ತು ನಾಯಿ ಕೂಡಿ ಹುಟ್ಟಿದ ಮಿಶ್ರ ಪ್ರಾಣಿ ಇದೆ ಎಂದು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ಪ್ರಪಂಚದ ತೋಳಗಳಲ್ಲಿ ಬಹಳ ಹಳೆಯ ಕವಲು ನಮ್ಮ ಬಯಲಿನದು ಎಂದು ಕಂಡುಕೊಂಡ ಎರಡೇ ವರ್ಷಕ್ಕೆ ಅದು ಊರ ನಾಯಿಯಲ್ಲಿ ಕರಗುತ್ತಿದೆ ಎಂಬ ಸುದ್ದಿಯೂ ಬಂತು.

ಕೂದಲಿನ ಪಾಠಕ್ಕೆ ಯಾವ ಬಿ.ಎಸ್ಸಿ. ಲ್ಯಾಬೂ ಸಾಕು. ಮಲ ತೊಳೆಯಲು ಜರಡಿ, ಕೈಗವಸು, ಗಾಜಿನ ಪಟ್ಟಿ. ಪಟ್ಟಿಗೆ ಬಣ್ಣವಿಲ್ಲದ ಉಗುರು ಪಾಲಿಶ್ ತೆಳ್ಳಗೆ ಹಚ್ಚಿ ಕೂದಲು ಒತ್ತಿ ತೆಗೆದರೆ ಅದರ ಮೇಲಿನ ಹುರುಪೆಯ ಅಚ್ಚು ಉಳಿಯುತ್ತದೆ, ಕುರಿಯದು ಒಂದು ವಿನ್ಯಾಸ, ಮೊಲದ್ದು ಇನ್ನೊಂದು. ಕುರಿಯ ಕೂದಲು ಸಿಕ್ಕರೆ ತೋಳ ಅದನ್ನು ಕೊಂದಿತು ಎಂದಲ್ಲ, ಸತ್ತು ಬಿಸಾಡಿದ್ದನ್ನೂ ತಿಂದಿರಬಹುದು. ಈ ಅನುಮಾನವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವುದೇ ಕಲಿಕೆ.

ಪಾಠ ಹೇಳುವವರು ಯಾರು ಎಂದು ಕೇಳಿದರೆ, ಅರ್ಧ ಪಾಠ ಕುರಿಗಾಹಿಗಳದ್ದೇ. ಬಲೆ ಕಟ್ಟಿದ ದೊಡ್ಡಿಯ ಪಕ್ಕ ಕಂಬಳಿ ಹೊದ್ದು ಮಲಗುವವನಿಗೆ ನಾಯಿ ಬೊಗಳುವ ದನಿಯಲ್ಲೇ ಬಂದದ್ದು ಮನುಷ್ಯನೋ ಮೃಗವೋ ಗೊತ್ತಾಗುತ್ತದೆ. ಇನಾಮಿನ ಗುಮಾಸ್ತ ಆ ತಿಳಿವಳಿಕೆಯನ್ನು ಕೇಳಲಿಲ್ಲ, ಗೆಜೆಟಿಯರ್ ಬರೆಯಲಿಲ್ಲ. ಅದು ಇನ್ನೂ ಬಾಯಲ್ಲೇ ಇದೆ, ಆದರೆ ಅವರ ಮಕ್ಕಳು ಈಗ ಪುಣೆ, ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದಾರೆ. ಕುರಿ ಮೇಯುತ್ತಿದ್ದ, ನಮ್ಮ ಕಡೆ ಗಾಯರಾಣ ಎನ್ನುವ ಗೋಮಾಳ ಸರ್ಕಾರಿ ಕಾಗದದಲ್ಲಿ ಖಾಲಿ ಜಮೀನು, ಅದಕ್ಕೇ ಯಾವ ಯೋಜನೆ ಬಂದರೂ ಮೊದಲ ಕಣ್ಣು ಅದರ ಮೇಲೆ. ಅಲ್ಲಿ ಏನೂ ಇಲ್ಲ ಎಂದು ಬರೆಯುವ ಮೊದಲು ಯಾರಾದರೂ ಒಂದು ಚಳಿಗಾಲ ಅಲ್ಲಿ ಹೆಜ್ಜೆ ಎಣಿಸಿದ್ದಾರಾ? ಶಹಾಬಾದ್ ಸುತ್ತ ಕಲ್ಲು ತೆಗೆದು ಬಿಟ್ಟ ಕ್ವಾರಿಗಳ ಬಿರುಕುಗಳಲ್ಲಿ ಕತ್ತೆಕಿರುಬ ಬಿಲ ಮಾಡಿದೆಯಾ? ತೊಗರಿ ಕೊಯ್ಲಾದ ಮೇಲೆ ತೋಳ ಎಲ್ಲಿಗೆ ಸರಿಯುತ್ತದೆ? ಒಂದು ತರಗತಿಯ ಮೂವತ್ತು ಹುಡುಗರಿಗೆ ಸಾಕಾಗುವಷ್ಟು ಪ್ರಶ್ನೆ ಇವು.

ಅಡ್ಡಿ ಇರುವುದು ಕ್ಯಾಲೆಂಡರಿನಲ್ಲಿ. ಎಳ್ಳಮಾವಾಸ್ಯೆಗೆ ಊರೆಲ್ಲ ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದ ದಿನದಿಂದ, ಬಿಳಿಜೋಳ ಕೊಯ್ಲಿಗೆ ಬಂದು ಹೊಲದ ದಾರಿ ತುಂಬ ಟ್ರ್ಯಾಕ್ಟರ್ ಓಡಾಡುವವರೆಗೆ ಹೆಚ್ಚೆಂದರೆ ಆರೇಳು ವಾರ ಸಿಗುತ್ತದೆ. ಡಿಗ್ರಿ ಕಾಲೇಜಿನ ಸೆಮಿಸ್ಟರ್ ಪರೀಕ್ಷೆಗಳು ಬಂದು ಬೀಳುವುದೂ ಬಹಳ ಸಲ ಅದೇ ವಾರಗಳಲ್ಲಿ.